ಸಹಾಯ ಬೇಕು: ಕಲಬುರಗಿ ಬಿಸಿಲಿಗೆ ತಾರಸಿ ಇನ್ಸುಲೇಷನ್

ನಮಸ್ಕಾರ. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಸ್ಲ್ಯಾಬ್ ಆಗಿದೆ. ಈಗಿನ ಬಾಡಿಗೆ ಮನೆಯಲ್ಲಿ ಮೇ ತಿಂಗಳಲ್ಲಿ ರಾತ್ರಿ 11 ಆದರೂ ಫ್ಯಾನ್ ಕಾದ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಅಮ್ಮ ನೆಲಕ್ಕೆ ನೀರು ಚಿಮುಕಿಸಿ ಅಲ್ಲೇ ಮಲಗುತ್ತಾರೆ. ಹೊಸ ಮನೆಯಲ್ಲೂ ಹೀಗಾಗಬಾರದು.

2018ರ ಇಕೋ ನಿವಾಸ್ ಸಂಹಿತೆಯ (ಮನೆಗಳ ಇಂಧನ ಉಳಿತಾಯಕ್ಕೆ ಕೇಂದ್ರ ಸರ್ಕಾರದ ನಿಯಮಾವಳಿ) ಪ್ರಕಾರ ಛಾವಣಿಯ ಯು-ವ್ಯಾಲ್ಯೂ, ಅಂದರೆ ಶಾಖ ಎಷ್ಟು ಸುಲಭವಾಗಿ ಒಳಗೆ ದಾಟುತ್ತದೆ ಅನ್ನುವ ಅಳತೆ, 1.2 ದಾಟಬಾರದು; ಕಡಿಮೆ ಇದ್ದಷ್ಟೂ ಒಳ್ಳೆಯದು. ಅದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಸೈಟ್‌ಗಳಿಗೆ, ನಮ್ಮದು 30x40. ಆದರೂ ಬಿಸಿಲು ಸೈಟ್ ಅಳತೆ ನೋಡಿ ಬೀಳುವುದಿಲ್ಲ ಅಲ್ವಾ? ಬರೀ ಸ್ಲ್ಯಾಬ್‌ನ ಯು-ವ್ಯಾಲ್ಯೂ 3ಕ್ಕಿಂತ ಜಾಸ್ತಿ. ಮೇಸ್ತ್ರಿ "ಬಿಳಿ ಪೇಂಟ್ ಸಾಕು" ಅನ್ನುತ್ತಾರೆ, ಆದರೆ ಧೂಳು ಕೂತರೆ ಅದರ ಗುಣ ಕಡಿಮೆಯಾಗುತ್ತದೆ.

50 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಶೀಟ್ ಹಾಕಿ, ಮೇಲೆ ಶಹಾಬಾದ್ ಕಲ್ಲು ಕೂರಿಸಿದವರು ಇದ್ದೀರಾ? ವಾಟರ್‌ಪ್ರೂಫಿಂಗ್ ಶೀಟ್‌ನ ಕೆಳಗೆ ಮಾಡಿಸಿದಿರಾ, ಮೇಲೆಯಾ? ಮಳೆಗಾಲದಲ್ಲಿ ಸೋರಿತಾ? ದಯವಿಟ್ಟು ತಿಳಿಸಿ.