‘ಮೂಜಿಕ ಪೊಪುಲಾರ್’ಗೆ ‘ಜನಪ್ರಿಯ ಸಂಗೀತ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಬೆಬೆಲ್ ಜಿಲ್ಬೆರ್ತು ಅವರ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಪರಿಚಯ ಬರೆಯುತ್ತಿದ್ದೇನೆ. ‘ಬ್ರೆಜಿಲಿನ ಜನಪ್ರಿಯ ಗಾಯಕಿ’ ಎಂದು ಶುರು ಮಾಡಿ ಅಲ್ಲೇ ನಿಂತಿದ್ದೇನೆ. ಅವರ ಬಗೆಯ ಸಂಗೀತಕ್ಕೆ ಪೋರ್ಚುಗೀಸಿನಲ್ಲಿ ‘ಮೂಜಿಕ ಪೊಪುಲಾರ್’ ಅನ್ನುತ್ತಾರೆ. ನಿಘಂಟು ಹಿಡಿದು ಹೊರಟರೆ ‘ಜನಪ್ರಿಯ’ ಸರಿಯೇ. ಬಳಕೆ ನೋಡಿದರೆ ಅನುಮಾನ ಬರುತ್ತದೆ.

ನಮ್ಮಲ್ಲಿ ‘ಜನಪ್ರಿಯ’ ಅಂದರೆ ಎಷ್ಟು ಜನ ಮೆಚ್ಚಿದ್ದಾರೆ ಅನ್ನುವ ಲೆಕ್ಕ. ಬ್ರೆಜಿಲಿನಲ್ಲಿ ‘ಪೊಪುಲಾರ್’ ಒಂದು ಬಗೆಯ ಹೆಸರು. ಒಪೇರಾ, ಆರ್ಕೆಸ್ಟ್ರಾಗಳ ಶಾಸ್ತ್ರೀಯ ಸಂಗೀತಕ್ಕೆ ಅಲ್ಲಿ ‘ಎರುದಿತ’ ಅನ್ನುವ ಹೆಸರಿದೆ, ಅದಲ್ಲದ್ದು ‘ಪೊಪುಲಾರ್’. ಹತ್ತೇ ಜನ ಕೇಳುವವರಿದ್ದರೂ ಹಾಡುಗಾರ ‘ಪೊಪುಲಾರ್’ ಹಾಡುಗಾರನೇ. ಬೆಬೆಲ್ ಅವರ ತಂದೆ ಜುವಾಂವ್ ಜಿಲ್ಬೆರ್ತು ಬೋಸಾ ನೋವಾ ಶೈಲಿಯನ್ನು ಕಟ್ಟಿದವರು. ಪಿಸುಮಾತಿನಂಥ ದನಿ, ಒಂದು ಗಿಟಾರು, ಅಷ್ಟೇ. ಕೊನೆಯ ವರ್ಷಗಳಲ್ಲಿ ವೇದಿಕೆ ಹತ್ತುವುದನ್ನೇ ಬಿಟ್ಟಿದ್ದರು. 2019ರಲ್ಲಿ ತೀರಿಕೊಂಡರು. ಜನರಿಂದ ಅಷ್ಟು ದೂರ ಉಳಿದವರ ಸಂಗೀತವೂ ‘ಪೊಪುಲಾರ್’!

ಬೆಬೆಲ್ ಅವರದು ಇಡೀ ಮನೆಯೇ ಹಾಡುವ ಮನೆ. ತಾಯಿ ಮಿಯೂಶಾ ಗಾಯಕಿ. ಸೋದರಮಾವ ಶಿಕು ಬುವಾರ್ಕೆ ಹಾಡು ಕಟ್ಟುವವರು, ಕಾದಂಬರಿಕಾರರು; 2019ರಲ್ಲಿ ಪೋರ್ಚುಗೀಸ್ ಸಾಹಿತ್ಯದ ದೊಡ್ಡ ಪ್ರಶಸ್ತಿಯಾದ ಕಮೋಯಿಂಶ್ ಅವರಿಗೆ ಬಂತು. (ಪೋರ್ಚುಗೀಸಿನಲ್ಲಿ ಸೋದರಮಾವ, ಚಿಕ್ಕಪ್ಪ ಎಲ್ಲರೂ ‘ತಿಯು’. ಈ ವಿಷಯದಲ್ಲಿ ಕನ್ನಡವೇ ವಾಸಿ ಅಲ್ವಾ?) ಇನ್ನೊಂದು ಮಜಾ ಕೇಳಿ. ಬ್ರೆಜಿಲಿನಲ್ಲಿ ನಿಘಂಟು ಅಂದರೆ ‘ಔರೇಲಿಯು’, ನಾವು ‘ಕಿಟೆಲ್ ನೋಡಿ’ ಅನ್ನುವ ಹಾಗೆ. 1975ರಲ್ಲಿ ಬಂದ ಆ ನಿಘಂಟನ್ನು ಮಾಡಿದ ಔರೇಲಿಯು ಬುವಾರ್ಕೆ ಕೂಡ ಈ ಮನೆತನಕ್ಕೆ ದೂರದ ನೆಂಟರು.

ಈಗ ತೊಡಕು ನೋಡಿ. ಬೆಬೆಲ್ ಹುಟ್ಟಿದ್ದೇ ನ್ಯೂಯಾರ್ಕಿನಲ್ಲಿ, 1966ರಲ್ಲಿ. ಬೆಳೆದದ್ದು ಬ್ರೆಜಿಲಿನಲ್ಲಿ. 1991ರಲ್ಲಿ ಮತ್ತೆ ನ್ಯೂಯಾರ್ಕಿಗೆ ಹೋದರು. 2000ದಲ್ಲಿ ‘ತಾಂತು ತೆಂಪು’ ಆಲ್ಬಮ್ ಬಂತು. ಬೋಸಾ ನೋವಾಕ್ಕೆ ಎಲೆಕ್ಟ್ರಾನಿಕ್ ಸದ್ದು ಬೆರೆತಿತ್ತು. ಅದನ್ನು ಹೊರತಂದದ್ದು ಬೆಲ್ಜಿಯಂ ಕಂಪನಿ, ಹೆಸರು ತಂದುಕೊಟ್ಟಿದ್ದು ಹೊರನಾಡು. ಹೊರನಾಡಿನ ಅಂಗಡಿಯಲ್ಲಿ ಅದು ‘ವರ್ಲ್ಡ್ ಮ್ಯೂಸಿಕ್’ ಕಪಾಟಿಗೆ ಹೋಯಿತು. ಮುಂದೆ ಗ್ರ್ಯಾಮಿಯವರು ಅವರ ಹೆಸರು ಸೇರಿಸಿದ್ದೂ ಆ ವಿಭಾಗಕ್ಕೇ. ನಾನು ಸುಮ್ನೆ ‘ಜನಪ್ರಿಯ’ ಎಂದು ಬರೆದರೆ ಯಾವ ಊರಿನ ಮಾತು ಹೇಳಿದಂತಾಯಿತು?

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಜಾನಪದ’ ಖಂಡಿತ ಆಗುವುದಿಲ್ಲ, ಅದಕ್ಕೆ ಅವರಲ್ಲೇ ‘ಫೋಕ್ಲೋರಿಕ’ ಅನ್ನುವ ಬೇರೆ ಮಾತಿದೆ. ‘ಲಘು ಸಂಗೀತ’ ಆಕಾಶವಾಣಿಯ ಮಾತು. ಜುವಾಂವ್ ಅವರ ಗಿಟಾರಿನ ಲಯ ಹಿಡಿಯಲು ಒದ್ದಾಡಿದವರ ಮುಂದೆ ಅದನ್ನು ಲಘು ಅನ್ನಲು ನನಗಂತೂ ಧೈರ್ಯವಿಲ್ಲ.

ನನಗೆ ಜಾಸ್ತಿ ಹತ್ತಿರ ಅನ್ನಿಸಿದ್ದು ‘ಸುಗಮ ಸಂಗೀತ’. ಕಾಳಿಂಗರಾಯರು, ಅನಂತಸ್ವಾಮಿ, ಅಶ್ವತ್ಥ್ ಎಲ್ಲರೂ ಕವಿಗಳ ಸಾಲು ಹಿಡಿದು ಹಾಡಿದವರು. ಅಲ್ಲೂ ವಿನೀಸಿಯುಸ್ ಜಿ ಮೊರಾಯಿಸ್ ಎಂಬ ಕವಿ, ರಾಯಭಾರ ಕಚೇರಿಯ ಕೆಲಸದಲ್ಲಿದ್ದವರು, ತೋಮ್ ಜೊಬಿಂ ಅವರ ರಾಗಗಳಿಗೆ ಪದ ಹೊಸೆದರು. ವ್ಯತ್ಯಾಸ ಇರುವುದು ಇಲ್ಲೇ. ನಮ್ಮಲ್ಲಿ ಹೆಚ್ಚಾಗಿ ಕವಿತೆ ಮೊದಲು, ರಾಗ ಆಮೇಲೆ. ಜೊತೆಗೆ, ‘ಸುಗಮ ಸಂಗೀತ’ ಅಂದ ಕೂಡಲೇ ಓದುಗರ ಕಿವಿಯಲ್ಲಿ ಹಾರ್ಮೋನಿಯಂ, ತಬಲಾ ಶುರುವಾಗುತ್ತದೆ.

‘ಜನಸಂಗೀತ’ ಅಂದರೆ ಹೋರಾಟದ ಹಾಡಿನ ವಾಸನೆ. ಅದೇನೂ ಪೂರ್ತಿ ತಪ್ಪಲ್ಲ. 1964ರ ನಂತರದ ಮಿಲಿಟರಿ ಆಳ್ವಿಕೆಯಲ್ಲಿ ಶಿಕು ಅವರ ಹಾಡುಗಳಿಗೆ ಕತ್ತರಿ ಬಿದ್ದಿತ್ತು, ಅವರು ಇಟಲಿಗೆ ಹೋಗಿ ಕೂರಬೇಕಾಯಿತು. ಆದರೆ ಬೆಬೆಲ್ ಅವರ ಹಾಡಿಗೆ ಆ ಹೆಸರು ಭಾರವಾಗುತ್ತದೆ. ಸದ್ಯಕ್ಕೆ ಗಾಯಕಿಗೆ ‘ಜನಪ್ರಿಯ’ ಕಿತ್ತುಹಾಕಿ ‘ಬ್ರೆಜಿಲಿನ ಹಾಡುಗಾರ್ತಿ’ ಎಂದಷ್ಟೇ ಬರೆದಿದ್ದೇನೆ. ಸಂಗೀತದ ಬಗೆಗೆ ಮಾತ್ರ ಒಂದು ಹೆಸರು ಬೇಕೇ ಬೇಕು. ಹಳೆಯ ಪತ್ರಿಕೆಗಳಲ್ಲಿ, ಆಕಾಶವಾಣಿಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದವರಿದ್ದರೆ ತಿಳಿಸಿ.

ಇನ್ನೊಂದು ಸಣ್ಣ ಪ್ರಶ್ನೆ, ಹೆಸರು ಬರೆಯುವ ಬಗ್ಗೆ. ‘ಜುವಾಂವ್’ ಎಂದು ನಾನು ಬರೆದದ್ದು ನಮ್ಮ ಕೊಂಕಣಿಯವರನ್ನು ನೋಡಿ. ಆ ಹೆಸರಿನ ಮೊದಲ ಸದ್ದಿಗೆ ‘ಜ’ ಸಾಕು, ಹೊಸ ಅಕ್ಷರ ಬೇಡ ಅನ್ನುವುದಕ್ಕೆ ಪೋರ್ಚುಗೀಸಿನಿಂದಲೇ ಬಂದ ‘ಜನೇಲ’ (ಕಿಟಕಿ) ಸಾಕ್ಷಿಗಿದೆ. ‘ಜಿಲ್ಬೆರ್ತು’ವಿನ ‘ತ’ಕ್ಕೆ ಮಾತ್ರ, ಪೋರ್ಚುಗೀಸಿನ ‘ಬತಾತ’ದಿಂದ ಬಂದ ‘ಬಟಾಟೆ’ (ಆಲೂಗಡ್ಡೆ) ತಕರಾರು ತೆಗೆಯುತ್ತಿದೆ. ಕರಾವಳಿಯವರು ಏನಂತೀರಿ, ‘ತ’ ಇರಲೋ, ‘ಟ’ ಮಾಡಲೋ?