ಹೆಬ್ಬೆಟ್ಟು ಹೊಂದಿತು ಎಂದರೆ ಬ್ಯಾಂಕಿನ ಹೊಣೆ ಮುಗಿಯಿತೇ?

ಪ್ರಶ್ನೆ – ಇಂಡಿ ತಾಲ್ಲೂಕಿನಿಂದ

ಎಲ್ಲರಿಗೂ ಶರಣು. ಗೃಹಲಕ್ಷ್ಮಿಯ ಹಣವನ್ನೂ ನಿಂಬೆ ಮಾರಿದ ಹಣವನ್ನೂ ಕೂಡಿಟ್ಟಿದ್ದ ನಮ್ಮ ತಾಯಿಯವರ ಖಾತೆಯಿಂದ, ಆಧಾರ್ ಮತ್ತು ಬೆರಳಚ್ಚಿನ ಮೇಲೆ ನಡೆಯುವ ಎಇಪಿಎಸ್ ಮೂಲಕ ಯಾರೋ ಎರಡು ಸಲ ಹಣ ತೆಗೆದಿದ್ದಾರೆ. ಆ ದಿನ ತಾಯಿಯವರು ಊರಲ್ಲೇ ಇದ್ದರು. ಖಾತೆಗೆ ಮೊಬೈಲ್ ನಂಬರ್ ಜೋಡಿಸಿರದ ಕಾರಣ ಮೆಸೇಜ್ ಬರಲಿಲ್ಲ. ಮೊನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ವಿಷಯ ತಿಳಿಯಿತು. ಶಾಖೆಯವರು ಮಾತ್ರ, ಯಂತ್ರದಲ್ಲಿ ಹೆಬ್ಬೆಟ್ಟು ಹೊಂದಿಕೆಯಾಗಿರುವುದರಿಂದ ಹಣ ತೆಗೆದವರು ನೀವೇ ಎನ್ನುತ್ತಾರೆ. ಇದಕ್ಕೆ ಕಾನೂನು ಏನು ಹೇಳುತ್ತದೆ?

ಉತ್ತರ – ವಿಜಯಪುರದ ವಕೀಲರು

ಅಣ್ಣಾರೆ, ಆ ಮಾತನ್ನು ಒಪ್ಪಬೇಡಿ. ಅನಧಿಕೃತ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ಹೊಣೆ ಗ್ರಾಹಕರದು ಎಂದು ಸಾಬೀತುಪಡಿಸುವ ಭಾರವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಬ್ಯಾಂಕಿನ ಮೇಲೆಯೇ ಹೊರಿಸಿದೆ. ಲೋಪ ಬ್ಯಾಂಕಿನದೂ ಗ್ರಾಹಕರದೂ ಆಗಿರದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಇದ್ದಾಗ, ವ್ಯವಹಾರದ ಬಗ್ಗೆ ಬ್ಯಾಂಕಿನ ಸೂಚನೆ ತಲುಪಿದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರು ಒಂದು ರೂಪಾಯಿಯ ನಷ್ಟವನ್ನೂ ಹೊರಬೇಕಿಲ್ಲ. ನಿಮಗೆ ಸೂಚನೆಯೇ ಬಂದಿಲ್ಲವೆಂದ ಮೇಲೆ ಆ ದಿನಗಳನ್ನು ಎಲ್ಲಿಂದ ಎಣಿಸುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಿ. ಇನ್ನೂ ಮುಖ್ಯವಾದದ್ದು: ಮೊಬೈಲ್ ನಂಬರ್ ಕೊಡದ ಗ್ರಾಹಕರಿಗೆ ಎಟಿಎಂ ನಗದು ಬಿಟ್ಟು ಬೇರೆ ಎಲೆಕ್ಟ್ರಾನಿಕ್ ವ್ಯವಹಾರದ ಸೌಲಭ್ಯ ಕೊಡಬಾರದೆಂಬ ಮಾತೂ ಅದೇ ಸುತ್ತೋಲೆಯಲ್ಲಿದೆ. ನಿಮ್ಮ ಪರವಾದ ಅತ್ಯಂತ ಬಲವಾದ ವಾದ ಇದೇ ಎಂದು ನನಗನ್ನಿಸುತ್ತದೆ.

ಇಂದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಶಾಖೆಗೆ ಕೊಟ್ಟ ಅರ್ಜಿಯ ಪ್ರತಿಗೆ ತಾರೀಖು ಸಹಿತ ಸೀಲ್ ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ಉತ್ತರ – ಬಾಗಲಕೋಟೆಯಿಂದ

ವಕೀಲ ಸಾಹೇಬರು ಹೇಳಿದ್ದು ಸರಿ. ಆದರೆ ಖಾಸಗಿತನದ ಕಾನೂನಿನಿಂದ ಹಣ ಮರಳುತ್ತದೆಂದು ನಂಬಿ ಕೂಡಬೇಡಿ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ದತ್ತಾಂಶವನ್ನು ಭದ್ರವಾಗಿ ಇಡದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. ಆ ದಂಡವಾದರೂ ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ ಸೇರುತ್ತದೆ, ನಷ್ಟಪಟ್ಟವರ ಕೈಗೆ ಬರುವುದಿಲ್ಲ. ಅಷ್ಟೇ ಅಲ್ಲ, ಪರಿಹಾರ ಕೊಡಿಸಬಹುದಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಕೈಬಿಡಲು ಇದೇ ಕಾಯ್ದೆ ಹೇಳುತ್ತದೆ. ಪಾಸ್‌ವರ್ಡ್ ಕಳವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಇದು ಗೊತ್ತಿದ್ದೂ ನಷ್ಟಪಟ್ಟವರನ್ನು ಶಾಸನ ಮರೆತದ್ದು ದೊಡ್ಡ ಅನ್ಯಾಯ.

ಮೊದಲು ತಾಯಿಯವರ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಅಂದರೆ ಆಧಾರ್‌ನಲ್ಲಿ ಅವರ ಬೆರಳಚ್ಚು ನಡೆಯದಂತೆ ಬೀಗ ಹಾಕಿಸಿ. ಎಂಆಧಾರ್ ಆ್ಯಪಿನಲ್ಲಿ ಆಗುತ್ತದೆ. ಆಧಾರಕ್ಕೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು.

ಮರುಪ್ರಶ್ನೆ – ಇಂಡಿ ತಾಲ್ಲೂಕಿನಿಂದ

ತುಂಬಾ ಉಪಕಾರವಾಯಿತು. ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ನಡೆಯುತ್ತದೆಯೇ?

ಉತ್ತರ – ಬಾಗಲಕೋಟೆಯಿಂದ

ಲಾಕ್ ಇರುವಷ್ಟು ಹೊತ್ತು ನಡೆಯುವುದಿಲ್ಲ. ಸರದಿ ಬಂದಾಗ ಅದೇ ಆ್ಯಪಿನಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಲಾಕ್ ತೆಗೆಯಬೇಕು. ಒಬ್ಬರೇ ಇರುವ ವಯಸ್ಸಾದವರಿಗೆ ಇದು ಕಷ್ಟ, ಆದ್ದರಿಂದ ಆ ದಿನ ಮನೆಯವರು ಯಾರಾದರೂ ಜೊತೆಗೆ ಹೋಗಿ.

ಉತ್ತರ – ವಿಜಯಪುರದ ವಕೀಲರು

ಅರ್ಜಿಯಲ್ಲಿ ಇನ್ನೊಂದು ಬೇಡಿಕೆ ಸೇರಿಸಿ: ಆ ಎರಡೂ ವ್ಯವಹಾರಗಳು ಯಾವ ಊರಿನ, ಯಾವ ಬ್ಯಾಂಕ್ ಮಿತ್ರರ (ಬ್ಯಾಂಕಿನ ಪರವಾಗಿ ಹಣ ಕೊಡುವ ಏಜೆಂಟರ) ಯಂತ್ರದಲ್ಲಿ, ಎಷ್ಟು ಗಂಟೆಗೆ ನಡೆದವು ಎಂಬ ದಾಖಲೆಯನ್ನು ಕೇಳಿ. ಅದನ್ನು ಕೊಡದೆ ಬರಿಯ ಹೆಬ್ಬೆಟ್ಟಿನ ಮಾತನ್ನೇ ಹೇಳಿದರೆ, ಆ ಉತ್ತರವನ್ನೇ ಒಂಬುಡ್ಸ್‌ಮನ್ ದೂರಿಗೆ ಲಗತ್ತಿಸಿ.