ಮಾನವ ಹಕ್ಕು + ರಾಜಕೀಯ ತತ್ತ್ವಶಾಸ್ತ್ರ: ಪಿಎಚ್‌ಡಿಗೆ ದಾರಿ ಯಾವುದು?

ಹೊಸಬ_ಎಂಎ: ರಾಜ್ಯಶಾಸ್ತ್ರದಲ್ಲಿ ಎಂಎ ಆಗಿದೆ. ಮಾನವ ಹಕ್ಕುಗಳ ತಾತ್ವಿಕ ಬುನಾದಿಯ ಮೇಲೆ ಪಿಎಚ್‌ಡಿ ಮಾಡಿ ಅಧ್ಯಾಪಕನಾಗುವ ಆಸೆ. ಮಾನವ ಹಕ್ಕುಗಳಲ್ಲೇ ಇನ್ನೊಂದು ಎಂಎ ಬೇಕಾ? ನೆಟ್ (ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಯಾವ ವಿಷಯದಲ್ಲಿ ಬರೆಯಲಿ? ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವನೆ) ಹೇಗಿರಬೇಕು?

ಮೂರನೇ_ಬೆಂಚು: ಇನ್ನೊಂದು ಎಂಎ ಬೇಡ. ಪದವಿ ಕಾಲೇಜುಗಳಲ್ಲಿ ಹುದ್ದೆ ಕರೆಯೋದು ರಾಜ್ಯಶಾಸ್ತ್ರ ಅಂತ. ಮಾನವ ಹಕ್ಕು ಅಂತ ಕರೆಯೋದು ತೀರಾ ಅಪರೂಪ. ನೆಟ್‌ನಲ್ಲಿ ರಾಜ್ಯಶಾಸ್ತ್ರದ ಕೋಡ್ 02, ಮಾನವ ಹಕ್ಕು ಮತ್ತು ಕರ್ತವ್ಯಗಳದ್ದು 92. ವಿಷಯ ಇಷ್ಟ ಅಂತ 92 ಬರೆದರೆ ಮುಂದೆ ದಾಖಲೆ ಪರಿಶೀಲನೆಯಲ್ಲಿ ‘ಇದು ಸಂಬಂಧಪಟ್ಟ ವಿಷಯವೇ’ ಅನ್ನೋ ತಕರಾರು ಏಳಬಹುದು. 02 ಬರೀರಿ. 150 ಪ್ರಶ್ನೆ, 300 ಅಂಕ, 3 ಗಂಟೆ. ನೆಗೆಟಿವ್ ಅಂಕ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಕೆ-ಸೆಟ್ (ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಕೂಡ ಬರೆದಿಡಿ, ಆದರೆ ಅದು ಕರ್ನಾಟಕದೊಳಗೆ ಮಾತ್ರ ನಡೆಯುತ್ತೆ.

ಅಡಿಟಿಪ್ಪಣಿ: ಸಿನಾಪ್ಸಿಸ್ ಬಿದ್ದುಹೋಗೋದು ಶೀರ್ಷಿಕೆಯಲ್ಲೇ. ‘ಮಾನವ ಹಕ್ಕುಗಳು: ಒಂದು ಅಧ್ಯಯನ’ ಅಂತ ಬರೆದರೆ ಸಂದರ್ಶನದವರು ಎರಡನೇ ಪುಟ ತಿರುವಲ್ಲ. ಒಂದು ವಾದ ಹಿಡೀರಿ, ಅದಕ್ಕೆ ಎದುರುವಾದ ಹುಡುಕಿ. ಉದಾಹರಣೆಗೆ, ಅಮೆರಿಕದ ತತ್ತ್ವಶಾಸ್ತ್ರಜ್ಞ ಹೆನ್ರಿ ಶೂ 1980ರಲ್ಲಿ ಹೇಳಿದ್ದು: ಪ್ರತಿ ಮೂಲಭೂತ ಹಕ್ಕಿನ ಹಿಂದೆ ಮೂರು ಕರ್ತವ್ಯ ಇವೆ, ಕಸಿಯದಿರುವುದು, ಕಸಿಯುವವರಿಂದ ಕಾಯುವುದು, ಕಳೆದುಕೊಂಡವರಿಗೆ ನೆರವಾಗುವುದು. ಬ್ರಿಟಿಷ್ ತತ್ತ್ವಶಾಸ್ತ್ರಜ್ಞೆ ಒನೋರಾ ಓನೀಲ್ ತಗಾದೆ: ನೆರವು ಕೊಡುವ ಕರ್ತವ್ಯ ಯಾರದು ಅಂತ ಸಂಸ್ಥೆಗಳು ಹಂಚಿಕೊಡದಿದ್ದರೆ ಹಕ್ಕು ಬರೀ ಘೋಷಣೆ. ಈಗ ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ತೆಗೆದುಕೊಳ್ಳಿ. ಪುನರ್ವಸತಿಯ ಹೊಣೆ ಯಾರ ತಲೆ ಮೇಲೆ, ಗುತ್ತಿಗೆದಾರ ನಡುವೆ ಬಂದಾಗ ಅದು ಎಲ್ಲಿ ಜಾರಿಹೋಗುತ್ತೆ? ಇದು ಪ್ರಬಂಧವಾಗುವ ಪ್ರಶ್ನೆ. ಕಾನೂನಿನ ಕಲಮು ಪಟ್ಟಿ ಮಾಡಿದರೆ ತತ್ತ್ವಶಾಸ್ತ್ರ ಆಗಲ್ಲ. ನ್ಯಾಯದ ಸಿದ್ಧಾಂತ ಬರೆದ ಜಾನ್ ರಾಲ್ಸ್‌ರನ್ನ ಬರೀ ವಿವರಿಸಿದರೂ ಪ್ರಬಂಧ ಆಗಲ್ಲ.

ಹೊಸಬ_ಎಂಎ: ಧನ್ಯವಾದ ಸರ್. ಗೈಡ್ ಆಗಿ ಹಿರಿಯ ಪ್ರೊಫೆಸರ್ ಒಬ್ಬರನ್ನ ಕೇಳೋಣ ಅಂತಿದ್ದೆ.

ಮೂರನೇ_ಬೆಂಚು: ನಿವೃತ್ತಿ ಯಾವಾಗ ಅಂತ ಮೊದಲು ನೋಡಿ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ 3 ವರ್ಷಕ್ಕಿಂತ ಕಮ್ಮಿ ಸೇವೆ ಉಳಿದವರು ಹೊಸಬರನ್ನ ತಗೊಳ್ಳೋ ಹಾಗಿಲ್ಲ. ಸೀಟೂ ಲೆಕ್ಕವೇ, ಒಂದು ಸಲಕ್ಕೆ ಇಟ್ಟುಕೊಳ್ಳಬಹುದಾದ ಪಿಎಚ್‌ಡಿ ವಿದ್ಯಾರ್ಥಿಗಳು ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4. ದೊಡ್ಡ ಹೆಸರಿನವರದ್ದು ಸಾಮಾನ್ಯವಾಗಿ ತುಂಬಿರುತ್ತೆ.

ಕಡಲತಡಿ: ನೆಟ್‌ನಲ್ಲೇ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಬಂದರೆ ತಿಂಗಳಿಗೆ 37,000 ರೂ., ಎರಡು ವರ್ಷದ ನಂತರ 42,000. ವಯಸ್ಸು 30 ಮೀರಿರಬಾರದು, ಮಹಿಳೆಯರಿಗೂ ಮೀಸಲು ವರ್ಗದವರಿಗೂ 5 ವರ್ಷ ಸಡಿಲ. ಜೆಆರ್‌ಎಫ್ ಇಲ್ಲದೆ ನೆಟ್ ಅಂಕದ ಮೇಲೆ ಪಿಎಚ್‌ಡಿ ಸೇರೋದಾದರೆ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. ಆ ಅಂಕ ಪ್ರವೇಶಕ್ಕೆ ನಡೆಯೋದು ಒಂದೇ ವರ್ಷ, ಆದ್ದರಿಂದ ಫಲಿತಾಂಶ ಬರುವ ಮೊದಲೇ ಸಿನಾಪ್ಸಿಸ್ ಕೈಯಲ್ಲಿರಲಿ.